ಮೂರು ಸೆಕೆಂಡಿನ ಸೂಜಿ, ಅರ್ಧ ಗಂಟೆಯ ಕೆಲಸ: ಶಾಲೆ ಮಕ್ಕಳಿಗೆ ಫ್ಲೂ ಲಸಿಕೆ ಹಾಕಿಸುವ ಕ್ರಮ

ಶಿಡ್ಲಘಟ್ಟದ ಕಡೆಯ ಮಕ್ಕಳ ಕ್ಲಿನಿಕ್ಕೊಂದರಲ್ಲಿ ಸೂಜಿ ಹಾಕುವುದು ನನ್ನ ಕೆಲಸ. ಫ್ಲೂ ಲಸಿಕೆಯ ಸೂಜಿ ಮಗುವಿನ ತೋಳಿಗೆ ಇಳಿದು ಹೊರಬರಲು ಮೂರು ಸೆಕೆಂಡು ಸಾಕು. ಆ ಮೂರು ಸೆಕೆಂಡಿನಲ್ಲಿ ಎಡವಟ್ಟಾಗಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಆಗುವುದೆಲ್ಲ ಅದಕ್ಕೆ ಮುಂಚೆ, ಇಲ್ಲವೇ ಆಮೇಲೆ. ಮಳೆ ಹಿಡಿದು ಮಕ್ಕಳೆಲ್ಲ ಕೆಮ್ಮತೊಡಗಿದ ಮೇಲೆ ಬರುತ್ತಾರೆ. ಲಸಿಕೆಯನ್ನು ಬಿಸಿಲಲ್ಲಿ ಹೊತ್ತು ತರುತ್ತಾರೆ. ಮಗುವಿಗೆ ಐಸ್‌ಕ್ರೀಮ್ ಅಂಗಡಿ ಅಂತ ಹೇಳಿ ಕ್ಲಿನಿಕ್ಕಿಗೆ ಕರೆತರುತ್ತಾರೆ. ಎರಡನೇ ಡೋಸ್‌ಗೆ ಬರುವುದೇ ಇಲ್ಲ. ಸೂಜಿಯ ವಿಷಯಕ್ಕಿಂತ ಅದರ ಹಿಂದುಮುಂದಿನ ವಿಷಯವೇ ಇಲ್ಲಿ ಜಾಸ್ತಿ ಇರುವುದು ಅದಕ್ಕೇ.

ಇದು ಯಾವ ಸೂಜಿ, ಯಾರಿಗೆ ಬೇಕು

"ನಮ್ ಹುಡುಗಂಗೆ ಚಿಕ್ಕೋನಿದ್ದಾಗ್ಲೇ ಹಾಕ್ಸಿದೀವಿ ಸಿಸ್ಟರ್, ತಾಯಿ ಕಾರ್ಡಲ್ಲಿ ಇನ್‌ಫ್ಲುಯೆಂಜಾ ಅಂತ ಬರ್ದಿದಾರೆ ನೋಡಿ" ಎಂದು ಕಾರ್ಡು ಮುಂದಿಡುವವರು ತುಂಬ ಜನ. ಆ ಸಾಲು ಹೀಮೋಫಿಲಸ್ ಇನ್‌ಫ್ಲುಯೆಂಜಾ ಎಂಬ ಬ್ಯಾಕ್ಟೀರಿಯಾದ್ದು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್‌ನಲ್ಲಿ ಅದು ಸೇರಿರುತ್ತದೆ. ಫ್ಲೂ ಬರುವುದು ವೈರಸ್‌ನಿಂದ, ಎರಡಕ್ಕೂ ನಂಟಿಲ್ಲ. 1892ರಲ್ಲಿ ಫೈಫರ್ ಎಂಬ ಜರ್ಮನ್ ವಿಜ್ಞಾನಿ ಈ ಬ್ಯಾಕ್ಟೀರಿಯಾವೇ ಫ್ಲೂಗೆ ಕಾರಣ ಅಂದುಕೊಂಡ. ಅವನ ಎಣಿಕೆ ತಪ್ಪೆಂದು ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಇನ್ನು ಕೆಲವರು "ಸ್ಕೂಲಲ್ಲೇ ಹಾಕಿದ್ರು" ಅನ್ನುತ್ತಾರೆ. ಸ್ಕೂಲಲ್ಲಿ 10 ಮತ್ತು 16ನೇ ವಯಸ್ಸಿಗೆ ಹಾಕುವುದು ಟಿಡಿ, ಧನುರ್ವಾಯು ಮತ್ತು ಗಂಟಲಮಾರಿಗೆ.

ಸರ್ಕಾರದ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ. ದುಡ್ಡು ಕೊಟ್ಟೇ ಹಾಕಿಸಬೇಕು, ಒಂದು ಡೋಸ್‌ಗೆ ಸಾವಿರ ರೂಪಾಯಿ ದಾಟುತ್ತದೆ. ಹಾಗಾಗಿ ಯಾರಿಗೆ ಬೇಕೇಬೇಕು ಅನ್ನುವುದನ್ನು ಬಿಡಿಸಿ ಹೇಳುವುದು ನ್ಯಾಯ. ಭಾರತೀಯ ಮಕ್ಕಳ ತಜ್ಞರ ಸಂಘ ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ವರ್ಷಕ್ಕೊಮ್ಮೆ ಹಾಕಿಸಿ ಅನ್ನುತ್ತದೆ. ಐದು ದಾಟಿದ ಮೇಲೆ ಅದು ಒತ್ತಿ ಹೇಳುವುದು ಅಪಾಯ ಹೆಚ್ಚಿರುವ ಮಕ್ಕಳಿಗೆ: ಉಬ್ಬಸ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ, ರೋಗ ತಡೆಯುವ ಶಕ್ತಿ ಕುಗ್ಗಿದವರು. ನಮ್ಮ ಊರಲ್ಲಿ ಉಬ್ಬಸದ ಮಾತು ಬಂದರೆ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆಗಳನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಗೂಡು ಬೇಯಿಸುವ ಹಬೆ, ಹುಳುವಿನ ದೂಳು ಕೆಲವರ ಎದೆಗೆ ಆಗಿಬರುವುದಿಲ್ಲ. ಮಗುವಿನ ಕೈಲಿ ಇನ್‌ಹೇಲರ್ ಇದ್ದರೆ ಇದನ್ನು ಖರ್ಚು ಅಂತ ನೋಡಬೇಡಿ ಎಂದೇ ನಾನು ಹೇಳುವುದು. ಮನೆಯಲ್ಲಿ ಆರು ತಿಂಗಳೊಳಗಿನ ಕೂಸಿದ್ದರೂ ಯೋಚಿಸಿ. ಕೂಸಿಗೆ ಈ ಲಸಿಕೆ ಹಾಕುವಂತಿಲ್ಲ, ಅದಕ್ಕೆ ಕಾಯಿಲೆ ತರುವವನು ಸ್ಕೂಲಿಗೆ ಹೋಗಿಬರುವ ಅಣ್ಣ.

ಲಸಿಕೆ ಎಲ್ಲ ನೆಗಡಿಗೂ ಅಡ್ಡ ನಿಲ್ಲುವುದಿಲ್ಲ. ಆ ವರ್ಷದ ವೈರಸ್‌ಗೂ ಲಸಿಕೆಗೂ ಚೆನ್ನಾಗಿ ತಾಳೆಯಾದಾಗ, ಫ್ಲೂ ಹಿಡಿದು ಡಾಕ್ಟರ ಹತ್ತಿರ ಹೋಗುವ ಸಾಧ್ಯತೆ ನೂರಕ್ಕೆ 40ರಿಂದ 60ರಷ್ಟು ಇಳಿಯುತ್ತದೆ. ಹಾಕಿಸಿಯೂ ಬಂದರೆ ಸಾಮಾನ್ಯವಾಗಿ ಹಗುರಾಗಿ ಹೋಗುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಆಗಸ್ಟ್‌ನಲ್ಲಿ ಮೂಗು ಸೋರಿದಾಗ ನನ್ನ ಮೇಲೆ ಸಿಟ್ಟಾಗುವವರು ಕಡಿಮೆ.

ತಿಂಗಳ ಲೆಕ್ಕ

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಸುಣ್ಣಕಟ್ಟು ರೋಗ ಕಾಣಿಸಿಕೊಂಡ ಮೇಲೆ ಮನೆ ತೊಳೆಯುವ ರೈತ ಯಾರೂ ಇಲ್ಲ. ಮೊಟ್ಟೆ ತರುವ ಮೊದಲೇ ತೊಳೆದು ಮದ್ದು ಹೊಡೆದಿರುತ್ತಾರೆ. ಫ್ಲೂ ಲಸಿಕೆಯ ಲೆಕ್ಕವೂ ಅದೇ. ನಮ್ಮಲ್ಲಿ ಫ್ಲೂ ಎದ್ದೇಳುವುದು ಮುಖ್ಯವಾಗಿ ಮಳೆಗಾಲದಲ್ಲಿ, ಮತ್ತೆ ಜನವರಿಯಿಂದ ಮಾರ್ಚ್‌ವರೆಗೆ ಒಂದು ಸುತ್ತು. ಸೂಜಿ ಬಿದ್ದು ಮೈಯಲ್ಲಿ ಶಕ್ತಿ ಕಟ್ಟಲು ಸುಮಾರು ಎರಡು ವಾರ ಬೇಕು.

ಒಂಬತ್ತು ವರ್ಷ ತುಂಬಿದ ಮಗುವಿಗೆ ಒಂದೇ ಡೋಸ್, ಮೇ ಮಧ್ಯದೊಳಗೆ ಮುಗಿಸಿದರೆ ಸ್ಕೂಲು ಶುರುವಾಗುವ ಹೊತ್ತಿಗೆ ಸಿದ್ಧ. ಒಂಬತ್ತರ ಒಳಗಿನ ಮಗುವಿಗೆ ಇದೇ ಮೊದಲ ಸಲವಾದರೆ ಎರಡು ಡೋಸ್, ನಡುವೆ ಕನಿಷ್ಠ ನಾಲ್ಕು ವಾರ. ಹಿಂದಕ್ಕೆ ಎಣಿಸಿ: ಜೂನ್ ಮೊದಲ ವಾರಕ್ಕೆ ಸಿದ್ಧವಿರಬೇಕೆಂದರೆ ಎರಡನೇದು ಮೇ ಮೂರನೇ ವಾರ, ಮೊದಲನೇದು ಏಪ್ರಿಲ್ ಮೂರನೇ ವಾರ. ಪರೀಕ್ಷೆ ಮುಗಿದು, ಮಗು ಅಜ್ಜಿ ಮನೆಗೆ ಬಸ್ಸು ಹತ್ತುವ ಮುಂಚೆ ಒಂದು, ಮಾವಿನಹಣ್ಣು ತಿಂದು ವಾಪಸ್ಸು ಬಂದಾಗ ಇನ್ನೊಂದು ಎಂದು ಇಟ್ಟುಕೊಳ್ಳಿ.

ತಡವಾಯಿತೆಂದು ಬಿಟ್ಟುಬಿಡುವುದೂ ಬೇಡ. ಜುಲೈನಲ್ಲಿ ಬಂದರೂ ನಾವು ಹಾಕುತ್ತೇವೆ.

ವರ್ಷವರ್ಷ ಯಾಕೆ ಅಂತಲೂ ಕೇಳುತ್ತಾರೆ. ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಹಳೇ ಲಸಿಕೆಯ ಶಕ್ತಿಯೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ, ಲಸಿಕೆಯಲ್ಲಿ ಯಾವ್ಯಾವ ತಳಿ ಇರಬೇಕೆಂದು ಹೇಳುತ್ತದೆ. 2009ರಲ್ಲಿ ಜನರನ್ನು ನಡುಗಿಸಿದ ಹಂದಿಜ್ವರದ ಎಚ್1ಎನ್1 ಈಗ ಪ್ರತಿ ವರ್ಷ ಬರುವ ಮಾಮೂಲಿ ಫ್ಲೂಗಳಲ್ಲಿ ಒಂದು, ಇದೇ ಲಸಿಕೆಯಲ್ಲಿ ಅದಕ್ಕೂ ಜಾಗವಿದೆ. ಡಬ್ಬಿಯ ಮೇಲೆ ಯಾವ ವರ್ಷದ್ದು ಎಂದು ಓದಿ, ಕೊನೆಯ ದಿನಾಂಕವನ್ನೂ ಓದಿ. ಕೇಳಿದರೆ ಯಾವ ಸಿಸ್ಟರೂ ಬೇಜಾರು ಮಾಡಿಕೊಳ್ಳಬಾರದು.

ಲಸಿಕೆ ತರುವುದು

ಆದಷ್ಟೂ ಕ್ಲಿನಿಕ್ಕಿನ ಫ್ರಿಜ್‌ನಲ್ಲೇ ಇರುವ ಲಸಿಕೆ ಹಾಕಿಸಿ. ಚೀಟಿ ಬರೆಸಿಕೊಂಡು ಮೆಡಿಕಲ್‌ನಿಂದ ತರಬೇಕಾದರೆ, ಡಾಕ್ಟರ್ ಇದ್ದಾರೆಂದು ಫೋನ್ ಮಾಡಿ ತಿಳಿದುಕೊಂಡು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್ ಜೊತೆ ಹಾಕಿಸಿಕೊಂಡು, ನೇರ ಬನ್ನಿ. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಐಸ್‌ಗೆ ಅಂಟಿಕೊಂಡಿರಬಾರದು, ನಡುವೆ ಬಟ್ಟೆಯೋ ಕಾಗದವೋ ಇರಲಿ.

ಒಬ್ಬರು ತಂದೆ, ತುಂಬ ಜೋಪಾನದ ಮನುಷ್ಯ, ಸಂಜೆ ಲಸಿಕೆ ಕೊಂಡು ಮನೆಗೆ ಒಯ್ದು ಬೆಳಗ್ಗೆ ತಂದರು. ಡಬ್ಬಿ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಸಿರಿಂಜ್ ಒಳಗೆ ಬಿಳಿ ಕಡ್ಡಿಯ ಹಾಗೆ ಹೆಪ್ಪುಗಟ್ಟಿದೆ.

"ಎಲ್ಲಿಟ್ಟಿದ್ರಿ ಅಣ್ಣ?"

"ಕೆಡಬಾರ್ದು ಅಂತ ಫ್ರೀಜರಲ್ಲೇ ಇಟ್ಟಿದ್ದೆ ಸಿಸ್ಟರ್. ಕರೆಂಟ್ ಬೇರೆ ಹೋಗಿ ಬಂದು ಮಾಡ್ತಿತ್ತಲ್ಲ."

ಫ್ಲೂ ಲಸಿಕೆ ಒಂದು ಸಲ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿಸಿದರೂ ನೋಡಲು ಸರಿ ಕಾಣಬಹುದು, ಕೆಲಸಕ್ಕೆ ಬರುವುದಿಲ್ಲ. ಅವರ ಎದುರೇ ಅದನ್ನು ಎಸೆಯಬೇಕಾಯಿತು. ಆ ಮುಖ ನನಗಿನ್ನೂ ನೆನಪಿದೆ, ಅವರು ಕಣ್ಣಿಟ್ಟಿದ್ದು ಸಿರಿಂಜಿನ ಮೇಲಲ್ಲ, ಡಬ್ಬಿಯ ಮೇಲಿನ ಬೆಲೆಯ ಮೇಲೆ. ಮನೆಯ ಫ್ರಿಜ್‌ನ ಬಾಗಿಲೂ ಲಸಿಕೆಗೆ ಒಳ್ಳೆಯ ಜಾಗವಲ್ಲ, ತೆಗೆದು ಹಾಕಿದಾಗಲೆಲ್ಲ ಬಿಸಿಗಾಳಿ ಬಡಿಯುತ್ತದೆ. ಇಷ್ಟೆಲ್ಲ ತಲೆನೋವು ಬೇಡವೆಂದರೆ ರಾತ್ರಿ ಮನೆಯಲ್ಲಿ ಇಡಲೇಬೇಡಿ.

ಮಗುವಿಗೆ ಏನು ಹೇಳುವುದು

"ಸುಮ್ನಿರು, ಇಲ್ಲಾಂದ್ರೆ ಸಿಸ್ಟರ್‌ಗೆ ಹೇಳಿ ಸೂಜಿ ಚುಚ್ಚಿಸ್ತೀನಿ." ಬಸ್‌ಸ್ಟ್ಯಾಂಡಿನಿಂದ ಮದುವೆ ಮನೆಯವರೆಗೆ ಎಲ್ಲೆಲ್ಲೂ ಕೇಳುವ ಮಾತು. ವರ್ಷವಿಡೀ ಸೂಜಿಯನ್ನು ಶಿಕ್ಷೆ ಮಾಡಿ, ಒಂದು ದಿನ ಅದೇ ಸೂಜಿಗೆ ನಗುತ್ತಾ ಬಾ ಅಂದರೆ ಯಾವ ಮಗು ಬರುತ್ತದೆ?

ಹೊರಡುವ ದಿನ ಬೆಳಗ್ಗೆ ಹೇಳಿದರೆ ಸಾಕು, ವಾರದ ಮೊದಲೇ ಹೇಳಿ ಅದು ರಾತ್ರಿಯೆಲ್ಲ ಯೋಚಿಸುವ ಹಾಗೆ ಮಾಡುವುದು ಬೇಡ. ಆದರೆ ಹೇಳಿ. "ನೋವೇ ಆಗಲ್ಲ" ಎನ್ನಬೇಡಿ, ಆಗುತ್ತದೆ. "ಇರುವೆ ಕಚ್ಚಿದಂಗೆ ಚುಳ್ ಅನ್ನುತ್ತೆ, ಹತ್ತು ಎಣಿಸೋದ್ರಲ್ಲಿ ಮುಗಿಯುತ್ತೆ, ನಾನು ಪಕ್ಕದಲ್ಲೇ ಇರ್ತೀನಿ" ಅಂದರೆ ಸಾಕು. ಯಾವ ಕೈ ಅಂತ ಅದನ್ನೇ ಕೇಳಿ. ಬರೆಯುವ ಕೈ ಬಿಟ್ಟು ಇನ್ನೊಂದು ಅಂದರೆ ಹೋಮ್‌ವರ್ಕಿಗೆ ನೆಪ ಇರುವುದಿಲ್ಲ ಎಂದು ಬುದ್ಧಿವಂತ ಮಕ್ಕಳು ಬರೆಯುವ ಕೈಯನ್ನೇ ಚಾಚುತ್ತವೆ, ಅದು ಬೇರೆ ಮಾತು.

ಹೊಟ್ಟೆ ತುಂಬ ತಿನ್ನಿಸಿ. ಬರಿಹೊಟ್ಟೆಯಲ್ಲಿ ಬರುವುದು ಬೇಡವೇ ಬೇಡ. ಅರ್ಧ ತೋಳಿನ, ಸಡಿಲವಾದ ಅಂಗಿ ಹಾಕಿ.

ಸೂಜಿಗೆ ಮೊದಲು ಕೇಳಬೇಕಾದ್ದು

ಇವತ್ತು ಜ್ವರ ಇದೆಯಾ? ಸಣ್ಣ ನೆಗಡಿ, ಕೆಮ್ಮು ಇದ್ದರೆ ಹಾಕಬಹುದು. ಮೈ ಸುಡುತ್ತಿದ್ದು ಮಗು ಮಂಕಾಗಿದ್ದರೆ ವಾಸಿಯಾದ ಮೇಲೆ ಬನ್ನಿ. ಹಿಂದೆ ಯಾವುದಾದರೂ ಲಸಿಕೆ ಹಾಕಿದಾಗ ಉಸಿರು ಕಟ್ಟಿದ್ದು, ಮುಖ ಊದಿದ್ದು ಇದೆಯಾ? ಫ್ಲೂ ಲಸಿಕೆಗೇ ಹಾಗಾಗಿದ್ದರೆ ಮತ್ತೆ ಹಾಕುವಂತಿಲ್ಲ. ಹಿಂದೆ ಫ್ಲೂ ಲಸಿಕೆ ಹಾಕಿದ ಆರು ವಾರದೊಳಗೆ ಕೈಕಾಲು ಸ್ವಾಧೀನ ತಪ್ಪುವ ಗಿಯಾನ್ ಬಾರೆ ಕಾಯಿಲೆ ಬಂದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಮೊಟ್ಟೆಯ ಪ್ರಶ್ನೆ ದಿನಾ ಬರುತ್ತದೆ. ಹೆಚ್ಚಿನ ಫ್ಲೂ ಲಸಿಕೆಗಳನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವುದು ನಿಜ. ಮೊಟ್ಟೆ ತಿಂದರೆ ಮೈಮೇಲೆ ದದ್ದು ಬರುವ ಮಗುವಿಗೂ ಹಾಕಬಹುದು. ಜೋರಾದ ಅಲರ್ಜಿ ಇದ್ದ ಮಗುವಿಗೆ ತುರ್ತು ಚಿಕಿತ್ಸೆಯ ಏರ್ಪಾಡಿರುವ ಕಡೆ, ಡಾಕ್ಟರ ಎದುರಲ್ಲೇ ಹಾಕಿಸಿ. ಮೊಟ್ಟೆ ತಿನ್ನದ ಮನೆಯವರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ತೀರ್ಮಾನ ಅವರದು.

ಬೇರೆ ಲಸಿಕೆ ಅದೇ ದಿನ ಹಾಕಬಹುದಾ ಎಂದರೆ, ಹಾಕಬಹುದು, ಇನ್ನೊಂದು ತೋಳಿಗೆ.

ತೋಳು, ಅಂಗಿ, ಸೂಜಿ

ಇದು ಕಲಿತವರ ಕೈಯಲ್ಲೇ ಆಗಬೇಕಾದ ಕೆಲಸ. ಆದರೂ ನೋಡಲು ನಿಮಗೆ ತಿಳಿದಿರಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರ್‌ಗಳಿಗೂ ಉಪಯೋಗವಾದೀತು.

ಸ್ಕೂಲಿನಿಂದ ನೇರ ಕರೆತಂದ ಮಗುವಿಗೆ ಯೂನಿಫಾರ್ಮ್ ಇರುತ್ತದೆ. ತುಂಬುತೋಳನ್ನು ಮಡಚಿ ಮಡಚಿ ಮೇಲೇರಿಸಿದರೆ ಅದು ತೋಳಿಗೆ ಕಟ್ಟಿದ ಹಗ್ಗವಾಗುತ್ತದೆ, ಭುಜ ಪೂರ್ತಿ ಕಾಣುವುದೂ ಇಲ್ಲ. ಅಲ್ಲೇ ತಪ್ಪುವುದು. ಭುಜ ಕಾಣಲಿಲ್ಲವೆಂದರೆ ಸೂಜಿ ಮೇಲೆ ಹೋಗಿ ಕೀಲಿನ ಹತ್ತಿರ ಬೀಳಬಹುದು. ಆಮೇಲೆ ವಾರಗಟ್ಟಲೆ ಕೈ ಎತ್ತಲಾಗದ ನೋವು. ಎರಡು ಗುಂಡಿ ಬಿಚ್ಚಿ, ಒಂದು ಕೈಯನ್ನು ಅಂಗಿಯಿಂದ ಹೊರಗೇ ತೆಗೆಯಿರಿ. ಹೆಣ್ಣುಮಕ್ಕಳಿಗೆ ಪರದೆ ಬೇಕು.

ಭುಜದ ತುದಿಯಲ್ಲಿ ಕೈಗೆ ಸಿಗುವ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ, ತಲೆಕೆಳಗಾದ ತ್ರಿಕೋನದ ಹಾಗಿರುವ ದಪ್ಪ ಸ್ನಾಯು ಇದೆ. ಅದರ ನಟ್ಟನಡುವೆ. ಚಿಕ್ಕ ಮಗುವಾದರೆ ತಾಯಿಯ ತೊಡೆಯ ಮೇಲೆ ಅಡ್ಡಕ್ಕೆ ಕೂರಿಸಿ, ಒಂದು ಕೈ ತಾಯಿಯ ಬೆನ್ನ ಹಿಂದಕ್ಕೆ, ಕಾಲು ತಾಯಿಯ ಎರಡು ಮಂಡಿಯ ನಡುವೆ. ನೋಡುವವರಿಗೆ ಅಪ್ಪಿಕೊಂಡಂತೆ ಕಾಣಬೇಕು, ಹಿಡಿದು ಕಟ್ಟಿದಂತಲ್ಲ. ನಾಲ್ಕು ಜನ ಸೇರಿ ಮಂಚಕ್ಕೆ ಒತ್ತಿ ಮಲಗಿಸಿ ಹಾಕಿದರೆ ಮುಂದಿನ ವರ್ಷ ಆ ಮಗು ಬೀದಿ ತಿರುವಿನಲ್ಲೇ ಅಳಲು ಶುರುಮಾಡುತ್ತದೆ. ದೊಡ್ಡ ಮಕ್ಕಳು ಕುರ್ಚಿಯಲ್ಲಿ ಕೂತು ಕೈ ಜೋತುಬಿಡಲಿ. ಮುಷ್ಟಿ ಬಿಗಿದರೆ ಸ್ನಾಯು ಗಟ್ಟಿಯಾಗಿ ನೋವು ಹೆಚ್ಚು.

ಕೈ ತೊಳೆದು, ಸಿರಿಂಜ್ ಕುಲುಕಿ, ಬೆಳಕಿಗೆ ಹಿಡಿದು ನೋಡಬೇಕು. ಕಣವೋ ಬಣ್ಣವೋ ಕಂಡರೆ ಬೇಡ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದು ಒಣಗುವವರೆಗೆ ಅರ್ಧ ನಿಮಿಷ ಕಾಯಬೇಕು. ಹಸಿ ಸ್ಪಿರಿಟ್ ಸೂಜಿಯ ಜೊತೆ ಒಳಗೆ ಹೋದರೆ ಉರಿಯುತ್ತದೆ. ಆ ಅರ್ಧ ನಿಮಿಷ ನನಗೆ ಮಾತಿನ ಹೊತ್ತು: "ನಿಮ್ ಮನೇಲಿ ಹುಳು ಎಷ್ಟನೇ ಜ್ವರದಲ್ಲಿದೆ ಪುಟ್ಟ?" ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ, ಹುಳು ಸಾಕುವ ಮನೆಯ ಮಗು ಉತ್ತರ ಹೇಳದೆ ಇರುವುದೇ ಇಲ್ಲ. "ಮೂರನೇ..." ಅನ್ನುವಷ್ಟರಲ್ಲಿ ಸೂಜಿ ನೆಟ್ಟಗೆ, 90 ಡಿಗ್ರಿಗೆ, ಒಂದೇ ಸಲಕ್ಕೆ ಒಳಗೆ. ಶಾಲೆ ಮಕ್ಕಳಿಗೆ ಸಾಮಾನ್ಯವಾಗಿ 25 ಮಿ.ಮೀ. ಉದ್ದದ ಸೂಜಿ, ಮದ್ದು 0.5 ಮಿ.ಲೀ. ರಕ್ತ ಬರುತ್ತದಾ ಎಂದು ಹಿಂದಕ್ಕೆ ಎಳೆದು ನೋಡುವ ಹಳೇ ಪದ್ಧತಿ ಈಗಿಲ್ಲ, ಅದರಿಂದ ನೋವೇ ಹೆಚ್ಚು. ತೆಗೆದ ಮೇಲೆ ಒಣ ಹತ್ತಿ ಒತ್ತಿ ಹಿಡಿಯುವುದು, ಉಜ್ಜುವುದಲ್ಲ. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರವಾಗಿ ಚುಚ್ಚದ ಗಟ್ಟಿ ಡಬ್ಬಿಗೆ.

ಆಮೇಲಿನ ಅರ್ಧ ಗಂಟೆ

"ಬಸ್ಸಿದೆ ಸಿಸ್ಟರ್, ಹೊರಡ್ತೀವಿ" ಎನ್ನುವವರನ್ನು ನಾನು ಬಿಡುವುದಿಲ್ಲ. ಜೋರಾದ ಅಲರ್ಜಿ ತೀರಾ ಅಪರೂಪ, ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದು ಎನ್ನುವ ಲೆಕ್ಕ. ಆದರೆ ಬಂದರೆ ಹೆಚ್ಚಾಗಿ ಮೊದಲ ಅರ್ಧ ಗಂಟೆಯೊಳಗೇ ಬರುತ್ತದೆ: ಮೈಯೆಲ್ಲ ದದ್ದು, ತುಟಿ ಕಣ್ಣು ಊದುವುದು, ಉಸಿರಲ್ಲಿ ಸುಯ್ಯ್ ಸದ್ದು, ದನಿ ಒಡೆಯುವುದು. ಅದಕ್ಕೆ ಮದ್ದು ಅಡ್ರಿನಲಿನ್, ತೊಡೆಯ ಹೊರಭಾಗದ ಸ್ನಾಯುವಿಗೆ, ತಡಮಾಡದೆ. ಲಸಿಕೆ ಹಾಕುವ ಜಾಗದಲ್ಲಿ ಅದು ಇದೆಯಾ ಅಂತ ಕೇಳುವ ಹಕ್ಕು ನಿಮಗಿದೆ. ದಾರಿಯಲ್ಲೋ ಮನೆಯಲ್ಲೋ ಹೀಗಾದರೆ 108ಕ್ಕೆ ಫೋನ್ ಮಾಡಿ.

ಅಲರ್ಜಿಗಿಂತ ನೂರು ಪಾಲು ಹೆಚ್ಚು ನಾನು ನೋಡಿರುವುದು ತಲೆಸುತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೈಸ್ಕೂಲಿನ ಶಿಬಿರಕ್ಕೆ ಹೋಗಿದ್ದೆ. ಸಾಲು ಉದ್ದ ಇತ್ತು, ಬೇಗ ಆಗಲೆಂದು ನಿಂತ ಹಾಗೇ ಹಾಕುತ್ತಾ ಹೋದೆ. ಒಂಬತ್ತನೇ ಕ್ಲಾಸಿನ ಹುಡುಗಿ, ಬೆಳಗ್ಗೆ ಏನೂ ತಿಂದಿರಲಿಲ್ಲ, ಸೂಜಿ ಹಾಕಿಸಿಕೊಂಡು ನಾಲ್ಕು ಹೆಜ್ಜೆ ನಡೆದು ದೊಪ್ಪನೆ ಬಿದ್ದಳು. ಗದ್ದ ಬೆಂಚಿನ ಅಂಚಿಗೆ ತಾಗಿ ಮೂರು ಹೊಲಿಗೆ. ಅದನ್ನು ಕಣ್ಣಾರೆ ಕಂಡ ಸಾಲಿನಲ್ಲಿ ಇನ್ನೂ ಐದು ಹುಡುಗಿಯರಿಗೆ ಸುತ್ತು ಬಂತು, ಅದರಲ್ಲಿ ಇಬ್ಬರಿಗೆ ಸೂಜಿಯೇ ಬಿದ್ದಿರಲಿಲ್ಲ. ಮದ್ದಿನಲ್ಲಿ ದೋಷವಿರಲಿಲ್ಲ. ತಪ್ಪು ನನ್ನದು.

ಶಿಬಿರ ಮಾಡುವ ಮೇಷ್ಟ್ರುಗಳಿಗೆ ಆವತ್ತಿನಿಂದ ನಾನು ಹೇಳುವುದು ಇಷ್ಟು. ಊಟವಾದ ಮೇಲೆ ಇಟ್ಟುಕೊಳ್ಳಿ. ಕಾಯುವ ಕೋಣೆ ಬೇರೆ, ಹಾಕುವ ಕೋಣೆ ಬೇರೆ, ಕೂರಿಸುವ ಕೋಣೆ ಬೇರೆ ಇರಲಿ. ಭಯಪಡುವ ಮಕ್ಕಳನ್ನು ಕೊನೆಯವರೆಗೆ ಕಾಯಿಸದೆ ಮೊದಲೇ ಕಳಿಸಿ. ಒಪ್ಪಿಗೆ ಪತ್ರ ಮನೆಯವರ ಕೈ ಸೇರಿ ಸಹಿಯಾಗಿ ಬರಬೇಕು. ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಮಾತು ತೆಲುಗು ಇರುವವರೇ ಬಹಳ, ಪತ್ರದಲ್ಲಿ ಏನಿದೆ ಎಂದು ಬಾಯಲ್ಲಿ ಬಿಡಿಸಿ ಹೇಳಿ. ಯಾರಿಗಾದರೂ ಸುತ್ತು ಬಂದರೆ ಮಲಗಿಸಿ ಕಾಲು ಎತ್ತರಕ್ಕಿಟ್ಟು, ಸುತ್ತ ನೆರೆದವರನ್ನು ಚದುರಿಸಿ.

ಮನೆಗೆ ಹೋದ ಮೇಲೆ

ತೋಳು ಒಂದೆರಡು ದಿನ ನೋಯುತ್ತದೆ, ಕೆಂಪಗಾಗಬಹುದು, ಮೈ ಸ್ವಲ್ಪ ಬೆಚ್ಚಗಾಗಬಹುದು. ಸೂಜಿಯಿಂದ ಫ್ಲೂ ಬಂದಿದ್ದಲ್ಲ, ಅದರಲ್ಲಿರುವ ವೈರಸ್‌ಗೆ ಜೀವವಿಲ್ಲ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ. ಮಗು ಒದ್ದಾಡುತ್ತಿದ್ದರೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಿ, ಅಳತೆ ಮಗುವಿನ ತೂಕದ ಮೇಲೆ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೊಡಲೇಬಾರದು. ಜ್ವರ ಎರಡು ದಿನ ದಾಟಿದರೆ ಅದನ್ನು ಸೂಜಿಯ ತಲೆಗೆ ಕಟ್ಟದೆ ತೋರಿಸಿ.

ಅಜ್ಜಿಯರ ಪ್ರಶ್ನೆ ಒಂದೇ: "ನಂಜಾಗಲ್ವಾ?" ಬದನೆಕಾಯಿ, ಕಡಲೆಕಾಯಿ, ಕೋಳಿಸಾರು ಯಾವುದೂ ಈ ಸೂಜಿಗೆ ನಂಜಲ್ಲ. ಸ್ನಾನ ಮಾಡಿಸಬಹುದು. ಆಟಕ್ಕೂ ಕಳಿಸಬಹುದು, ಕೈ ಆಡಿಸಿದರೆ ನೋವು ಬೇಗ ಇಳಿಯುತ್ತದೆ. ಸೂಜಿ ಹಾಕಿದ ಜಾಗಕ್ಕೆ ಸುಣ್ಣ ಅರಿಶಿನ ಹಚ್ಚುವುದೊಂದನ್ನು ದಯವಿಟ್ಟು ಬಿಡಿ ಅಜ್ಜಿ.

ಎರಡನೇ ಡೋಸ್

ಒಂಬತ್ತರ ಒಳಗಿನ ಮಕ್ಕಳಿಗೆ ಮೊದಲ ವರ್ಷದಲ್ಲಿ ಒಂದೇ ಡೋಸ್ ಹಾಕಿ ಬಿಟ್ಟರೆ ಮೈಗೆ ಬರಿ ಪರಿಚಯವಾದಂತೆ, ಪೂರ್ತಿ ಶಕ್ತಿ ಕಟ್ಟುವುದು ಎರಡನೆಯದರಿಂದ. ಮೊದಲ ಡೋಸ್‌ಗೆ ಎಂಟು ವರ್ಷವಿದ್ದು ನಡುವೆ ಒಂಬತ್ತು ತುಂಬಿದರೂ ಎರಡನೆಯದು ಬೇಕು. ನಾಲ್ಕು ವಾರಕ್ಕೆ ಬರಲಾಗದೆ ಆರೇಳು ವಾರವಾದರೆ ಮತ್ತೆ ಮೊದಲಿಂದ ಶುರುಮಾಡಬೇಕಿಲ್ಲ, ಎರಡನೆಯದನ್ನು ಹಾಕಿಸಿದರೆ ಆಯಿತು. ಮುಂದಿನ ವರ್ಷದಿಂದ ಒಂದೊಂದೇ.

ಬರದೇ ಇರುವವರನ್ನು ಕೇಳಿದರೆ ಹೇಳುವುದು ದುಡ್ಡಿನ ಕಾರಣವಲ್ಲ, "ಮರ್ತೇ ಹೋಯ್ತು ಸಿಸ್ಟರ್". ಅದಕ್ಕೇ ಈಗ ಕಾರ್ಡಿನಲ್ಲಿ ಬ್ಯಾಚ್ ನಂಬರ್, ದಿನಾಂಕ, ಯಾವ ತೋಳು ಎಂದು ಬರೆಯುವಾಗಲೇ ತಂದೆಯ ಫೋನ್ ಇಸಿದುಕೊಂಡು ಅಲಾರಂ ಇಟ್ಟುಕೊಡುತ್ತೇನೆ. ಹುಳು ಸಾಕುವವರಿಗೆ ತಾರೀಕು ಹೇಳುವ ಮೊದಲು ಗೂಡು ಯಾವಾಗ ಬಿಡಿಸುತ್ತೀರಿ ಎಂದು ಕೇಳುತ್ತೇನೆ. ಮೊಟ್ಟೆಯಿಂದ ಗೂಡಿನವರೆಗೆ ಹೆಚ್ಚುಕಡಿಮೆ ಒಂದು ತಿಂಗಳು, ಹಾಗಾಗಿ ಈ ಬೆಳೆಯ ಮೊಟ್ಟೆ ತಂದ ವಾರ ಮೊದಲನೇದು ಹಾಕಿಸಿದವರು, ಗೂಡು ಮಾರ್ಕೆಟ್ಟಿಗೆ ಹಾಕಿ ದುಡ್ಡು ಎಣಿಸಿಕೊಂಡು ಬರುವ ದಾರಿಯಲ್ಲಿ ಮಗುವನ್ನು ಕರೆದುಕೊಂಡು ಒಳಗೆ ಬರುತ್ತಾರೆ.